ಹಡಗು ಪುನರ್ಬಳಕೆಯ ಕಾಯಿದೆ: ಒಂದು ವಿಮರ್ಶೆ

ಕಡಲಿನಿಂದ ನೂರು ಮೈಲಿಗೂ ಮಿಗಿಲಾದ ದೂರದಲ್ಲಿರುವ ಮಂಡ್ಯ ಸೀಮೆಯ ದುದ್ದದಂಥ ಊರಿನ ವರ್ತಕನೊಬ್ಬ ಹಡಗುಗಳನ್ನು ಕುರಿತ ಕಾಯಿದೆಯನ್ನು ವಿಮರ್ಶಿಸಲು ಹೊರಡುವುದು ಕೆಲವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಾವು ಮನೆಗೂ, ಕಲ್ಯಾಣಮಂಟಪಕ್ಕೂ, ಯಾತ್ರಿನಿವಾಸಕ್ಕೂ ಬಳಸುವ ಕಬ್ಬಿಣದ ಕಂಬಿಯನ್ನು ನೋಡಿ ಅದರ ಮೂಲವನ್ನು ಹೇಳಲಾಗುವುದಿಲ್ಲ. ಅದು ಬಳ್ಳಾರಿಯ ಅದಿರಿನಿಂದ ಬಂದಿರಬಹುದು. ಗುಜರಾತಿನ ತೀರದಲ್ಲಿ ಒಡೆದ ಯಾವುದೋ ದೇಶದ ಹಡಗಿನ ತಗಡಿನಿಂದಲೂ ಬಂದಿರಬಹುದು. ಕೊಳ್ಳುವವನಿಗೂ ಮಾರುವವನಿಗೂ ಅದರ ತೂಕ ಮತ್ತು ದರ ಗೊತ್ತು. ಅದರ ಹಿಂದಿನ ಶ್ರಮ ಗೊತ್ತಿಲ್ಲ. ಈ ಗೊತ್ತಿಲ್ಲವೆಂಬುದು ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಅನುಕೂಲದ ಮಾತು ಎಂಬುದೇ ಪ್ರಸ್ತುತ ಲೇಖನದ ವಿಚಾರ.

2019ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಸಂಸತ್ತು ಹಡಗುಗಳ ಪುನರ್ಬಳಕೆ ಕಾಯಿದೆಯನ್ನು ಅಂಗೀಕರಿಸಿತು. ಅದಕ್ಕೆ ಆಧಾರವಾದ ಹಾಂಗ್‌ಕಾಂಗ್ ಒಡಂಬಡಿಕೆಯು 2009ರಲ್ಲಿ ರೂಪುಗೊಂಡು, ಹದಿನಾರು ವರ್ಷಗಳ ಬಳಿಕ, 2025ರ ಜೂನ್ 26ರಂದು ಜಾರಿಗೆ ಬಂದಿತು. ಭಾರತ 2019ರ ನವೆಂಬರ್‌ನಲ್ಲಿಯೇ ಅದಕ್ಕೆ ಸೇರಿತ್ತು. ದೇಶದ ಕಾಯಿದೆಗೆ ಅಂತರರಾಷ್ಟ್ರೀಯ ಬಲ ದೊರೆತ ಈ ಸಂದರ್ಭದಲ್ಲಿ ಅದರ ಗುಣದೋಷಗಳನ್ನು ಪರಿಶೀಲಿಸುವುದು ಉಚಿತ. ಲೆಕ್ಕಪತ್ರ ಓದಿ ಬೆಳೆದ ನಾನು ಕಾನೂನು ಪಂಡಿತನಲ್ಲ. ಆದರೆ ಯಾವುದೇ ಕಾಯಿದೆಯನ್ನು ಒಂದು ಜಮಾ-ಖರ್ಚಿನ ಪುಸ್ತಕವೆಂದು ಭಾವಿಸಿ, ಯಾರ ಹೆಸರಿನಲ್ಲಿ ಯಾವ ಹೊಣೆ ಬರೆದಿದೆ, ಯಾರ ಪುಟ ಖಾಲಿ ಉಳಿದಿದೆ ಎಂದು ನೋಡುವುದು ವರ್ತಕನಿಗೆ ಅಸಾಧ್ಯವಲ್ಲ.

ಕಸುಬಿನ ಸ್ವರೂಪ

ಗುಜರಾತಿನ ಭಾವನಗರ ಜಿಲ್ಲೆಯ ಅಲಂಗ್ ತೀರಕ್ಕೆ ಒಡೆಯಲೆಂದು ಮೊದಲ ಹಡಗು ಬಂದದ್ದು 1983ರ ಫೆಬ್ರವರಿಯಲ್ಲಿ. ಅಂದಿನಿಂದ ಸುಮಾರು 10 ಕಿಲೋಮೀಟರ್ ಉದ್ದದ ಆ ತೀರದಲ್ಲಿ 8,000ಕ್ಕೂ ಹೆಚ್ಚು ಹಡಗುಗಳು ಚೂರಾಗಿವೆ. ಖಂಭಾತ್ ಕೊಲ್ಲಿಯ ಉಬ್ಬರ ಇಳಿತಗಳ ಅಂತರ ಬಹು ದೊಡ್ಡದು. ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ನೋಡಿಕೊಂಡು ಹಡಗನ್ನು ಅದರ ಸ್ವಂತ ಯಂತ್ರಬಲದಿಂದಲೇ ವೇಗವಾಗಿ ನಡೆಸಿ ದಡಕ್ಕೇರಿಸುತ್ತಾರೆ. ನೀರು ಇಳಿದಾಗ ಅದು ಕೆಸರಿನಲ್ಲಿ ನಿಲ್ಲುತ್ತದೆ. ಅನಂತರ ಗ್ಯಾಸ್ ಕಟ್ಟರ್ ಹಿಡಿದ ಕಾರ್ಮಿಕರು ಮುಂಭಾಗದಿಂದ ಕತ್ತರಿಸುತ್ತ ಬರುತ್ತಾರೆ. ಮನೆಯಷ್ಟು ದೊಡ್ಡ ತುಂಡುಗಳು ಕೆಳಗೆ ಬೀಳುತ್ತವೆ. ಅವನ್ನು ಸರಪಳಿ ಕಟ್ಟಿ ದಡಕ್ಕೆ ಎಳೆದು ಮತ್ತೆ ಸಣ್ಣದಾಗಿ ಕತ್ತರಿಸುತ್ತಾರೆ. ತಗಡುಗಳು ರೋಲಿಂಗ್ ಮಿಲ್‌ಗಳಿಗೆ ಹೋಗುತ್ತವೆ. ಅಲ್ಲಿ ಎಷ್ಟೋ ತಗಡುಗಳನ್ನು ಕರಗಿಸುವುದೂ ಇಲ್ಲ. ಕಾಯಿಸಿ, ಸೀಳಿ, ಕಂಬಿಯಾಗಿ ಎಳೆಯುತ್ತಾರೆ. ಹಡಗಿನೊಳಗಿನ ಮಂಚ, ಕುರ್ಚಿ, ಪಿಂಗಾಣಿ ಪಾತ್ರೆಗಳು ಅಲಂಗ್‌ಗೆ ಹೋಗುವ ರಸ್ತೆಯ ಅಂಗಡಿಸಾಲುಗಳಲ್ಲಿ ಮಾರಾಟವಾಗುತ್ತವೆ.

ಈ ಕೆಲಸ ಮಾಡುವವರಲ್ಲಿ ಬಹುಪಾಲು ಜನ ಒಡಿಶಾ, ಬಿಹಾರ, ಝಾರ್ಖಂಡ್, ಉತ್ತರ ಪ್ರದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು. ಅವರು ಕತ್ತರಿಸುವ ಹಡಗಿನ ಒಡಲಲ್ಲಿ ಶಾಖ ತಡೆಯಲು ಹಾಕಿದ ಕಲ್ನಾರು ಇರುತ್ತದೆ, ಸೀಸ ಬೆರೆತ ಬಣ್ಣವಿರುತ್ತದೆ, ಪಾದರಸವಿರುತ್ತದೆ, ತೊಟ್ಟಿಗಳ ತಳದಲ್ಲಿ ತೈಲದ ಮಡ್ಡಿ ಮತ್ತು ಅನಿಲ ಇರುತ್ತದೆ. ಕಲ್ನಾರಿನ ಧೂಳು ಶ್ವಾಸಕೋಶವನ್ನು ಸೇರಿ ಹಲವು ವರ್ಷಗಳ ಮೇಲೆ ರೋಗವಾಗಿ ಕಾಣಿಸುತ್ತದೆ; ಆ ಹೊತ್ತಿಗೆ ಕಾರ್ಮಿಕ ಊರಿಗೆ ಮರಳಿರುತ್ತಾನೆ, ಅವನ ಹೆಸರು ಯಾವ ಅಂಗಳದ ಪುಸ್ತಕದಲ್ಲಿಯೂ ಉಳಿದಿರುವುದಿಲ್ಲ. ತೊಟ್ಟಿಯ ಅನಿಲವಾದರೋ ಕಾಯುವುದಿಲ್ಲ. 2014ರ ಜೂನ್ 28ರಂದು ಅಲಂಗ್‌ನಲ್ಲಿ ಹಡಗೊಂದನ್ನು ಕತ್ತರಿಸುವಾಗ ಸ್ಫೋಟವಾಗಿ ಐವರು ಸತ್ತರು. ಪಾಕಿಸ್ತಾನದ ಗಡಾನಿಯಲ್ಲಿ 2016ರ ನವೆಂಬರ್ 1ರಂದು ತೈಲವಾಹಕ ಹಡಗೊಂದು ಹೊತ್ತಿ ಉರಿದು ಕನಿಷ್ಠ 26 ಮಂದಿ ಮಡಿದರು.

ಕಾಯಿದೆಯ ಗುಣಗಳು

ಮೊದಲು ಗುಣವನ್ನು ಹೇಳುವುದು ವಿಮರ್ಶೆಯ ಧರ್ಮ. ಹಡಗನ್ನು ಒಡೆದು ಬಳಸುವುದೇ ತಪ್ಪೆಂದು ಯಾರೂ ಹೇಳಲಾರರು. ಕೇಂದ್ರ ಉಕ್ಕು ಮಂತ್ರಾಲಯದ 2019ರ ಗುಜರಿ ನೀತಿಯ ಪ್ರಕಾರ ಒಂದು ಟನ್ ಗುಜರಿ ಉಕ್ಕು ಸುಮಾರು 1.1 ಟನ್ ಕಬ್ಬಿಣದ ಅದಿರನ್ನೂ 630 ಕಿಲೋ ಕಲ್ಲಿದ್ದಲನ್ನೂ ಉಳಿಸುತ್ತದೆ. ಬಳ್ಳಾರಿ, ಸಂಡೂರುಗಳ ಬೆಟ್ಟಗಳಿಗೆ ಒದಗಿದ ಗತಿಯನ್ನು ಕಂಡ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅಲ್ಲಿನ ಗಣಿಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದುದನ್ನು ಬಲ್ಲ ಕನ್ನಡಿಗರಿಗೆ ಈ ಉಳಿತಾಯದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಇದ್ದ ವಸ್ತುವನ್ನು ಮತ್ತೆ ಬಳಸುವುದು ಮಿತಬಳಕೆಯ ಮಾರ್ಗವೇ ಸರಿ.

ಇನ್ನು ಕಾಯಿದೆಯು ತಂದ ಶಿಸ್ತೂ ಅಲ್ಪವಲ್ಲ. ಅನುಮತಿ ಪಡೆದ ಅಂಗಳದಲ್ಲಿ ಮಾತ್ರ ಹಡಗನ್ನು ಒಡೆಯಬೇಕು. ಪ್ರತಿಯೊಂದು ಹಡಗಿಗೂ ಅದರೊಳಗಿನ ಅಪಾಯಕಾರಿ ವಸ್ತುಗಳ ಪಟ್ಟಿ ಇರಬೇಕು. ಅದನ್ನು ಒಡೆಯಲು ಪ್ರತ್ಯೇಕ ಯೋಜನೆ ಸಿದ್ಧವಾಗಬೇಕು. ಒಡೆಯಲು ಯೋಗ್ಯವೆಂಬ ಪ್ರಮಾಣಪತ್ರ ದೊರೆಯಬೇಕು. ಕಾಯಂ ಮತ್ತು ತಾತ್ಕಾಲಿಕ ಕಾರ್ಮಿಕರಿಬ್ಬರಿಗೂ ವಿಮೆ ಇರಬೇಕು. ಅಲಂಗ್‌ನ ನೂರಕ್ಕೂ ಹೆಚ್ಚು ಅಂಗಳಗಳು ಒಡಂಬಡಿಕೆಯ ಮಟ್ಟಕ್ಕೆ ಬಂದಿವೆಯೆಂಬ ಪ್ರಮಾಣಪತ್ರ ಪಡೆದಿವೆ. ಮೊದಲಿನ ಬರಿಗಾಲು, ಬರಿಗೈ, ಬರಿತಲೆಯ ಸ್ಥಿತಿಗೆ ಹೋಲಿಸಿದರೆ ಇದು ಪ್ರಗತಿಯೆಂದು ಒಪ್ಪಲೇಬೇಕು.

ಮೊದಲ ದೋಷ: ಶುದ್ಧಿಯ ಸ್ಥಾನದಲ್ಲಿ ಪಟ್ಟಿ

2003ರ ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ಅಪಾಯಕಾರಿ ತ್ಯಾಜ್ಯಗಳನ್ನು ಕುರಿತ ಪ್ರಕರಣದಲ್ಲಿ ನೀಡಿದ ಆದೇಶದಲ್ಲಿ, ಒಡೆಯುವ ಮೊದಲು ಹಡಗನ್ನು ಅದರ ಮಾಲೀಕನೇ ಶುದ್ಧಗೊಳಿಸಿರಬೇಕೆಂದು ವಿಧಿಸಿತ್ತು. ವಿಷವನ್ನು ತುಂಬಿಕೊಂಡು ಬಳಸಿದವನೇ ಅದನ್ನು ತೆಗೆಯಬೇಕೆಂಬ ಸರಳ ನ್ಯಾಯ ಅದು. ಈ ನ್ಯಾಯಕ್ಕೆ ಬಲವಿದೆಯೆಂಬುದು 2006ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಕಲ್ನಾರು ತುಂಬಿದ ‘ಕ್ಲೆಮೆನ್ಸೊ’ ಎಂಬ ಯುದ್ಧನೌಕೆಯನ್ನು ಫ್ರಾನ್ಸ್ ಅಲಂಗ್‌ಗೆ ಕಳುಹಿಸಿದಾಗ ಎರಡೂ ದೇಶಗಳಲ್ಲಿ ಪ್ರತಿಭಟನೆ ಎದ್ದು, ಅಧ್ಯಕ್ಷ ಶಿರಾಕ್ ಆ ವರ್ಷದ ಫೆಬ್ರವರಿಯಲ್ಲಿ ಅದನ್ನು ಹಿಂದಕ್ಕೆ ಕರೆಸಿಕೊಂಡರು. ಕೊನೆಗೆ ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಒಡೆಯಲ್ಪಟ್ಟಿತು.

2019ರ ಕಾಯಿದೆಯು ಅನುಸರಿಸಿದ ಹಾಂಗ್‌ಕಾಂಗ್ ಮಾರ್ಗ ಬೇರೆ. ಉಳಿದ ಸರಕು, ಇಂಧನ, ಕಸಗಳನ್ನು ಕಡಿಮೆ ಮಾಡಿ ತರಬೇಕೆಂದು ಅದು ಹೇಳುತ್ತದೆ, ನಿಜ. ಆದರೆ ಹಡಗಿನ ಗೋಡೆಯಲ್ಲಿ, ಕೊಳವೆಯಲ್ಲಿ, ಬಣ್ಣದಲ್ಲಿ ಸೇರಿಕೊಂಡ ವಿಷದ ವಿಷಯದಲ್ಲಿ ಮಾಲೀಕನ ಮುಖ್ಯ ಕರ್ತವ್ಯ ಪಟ್ಟಿ ಕೊಡುವುದು. ತೆಗೆಯುವ ಕರ್ತವ್ಯ ಒಡೆಯುವವನದು. ಮೊದಲಿನ ನ್ಯಾಯ ‘ಶುದ್ಧಗೊಳಿಸಿ ತಾ’ ಎಂದಿತು. ಈಗಿನ ವ್ಯವಸ್ಥೆ ‘ಬರೆದುಕೊಂಡು ತಾ’ ಎನ್ನುತ್ತದೆ. ಸರಕಿನ ದೋಷವನ್ನು ಚೀಟಿಯಲ್ಲಿ ಬರೆದುಕೊಟ್ಟ ಮಾತ್ರಕ್ಕೆ ಅದರ ಹಾನಿಯಿಂದ ಮಾರುವವನು ಬಿಡುಗಡೆ ಹೊಂದುತ್ತಾನೆಂದು ನಮ್ಮ ಸಂತೆಯಲ್ಲಿಯೂ ಯಾರೂ ಒಪ್ಪುವುದಿಲ್ಲ. ಕಡಲಿನ ವ್ಯಾಪಾರದಲ್ಲಿ ಇದನ್ನೇ ಸುಧಾರಣೆಯೆಂದು ಕರೆದಿದ್ದೇವೆ.

ಮತ್ತೊಂದು ಮಾತು. ಪಟ್ಟಿಯಲ್ಲಿ ಕಲ್ನಾರಿನ ತೂಕವಿರುತ್ತದೆ. ಅದನ್ನು ತೆಗೆದ ಮನುಷ್ಯನ ಮುಂದಿನ ಇಪ್ಪತ್ತು ವರ್ಷಗಳ ಆರೋಗ್ಯಕ್ಕೆ ಕಲಂ ಇರುವುದಿಲ್ಲ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ತಾಂತ್ರಿಕ ಸಮಿತಿಯ ವರದಿಯು, ಹಡಗು ಒಡೆಯುವ ಉದ್ಯಮದಲ್ಲಿ ವರ್ಷಕ್ಕೆ 1,000 ಕಾರ್ಮಿಕರಲ್ಲಿ ಇಬ್ಬರು ಅಪಘಾತದಿಂದ ಸಾಯುತ್ತಾರೆಂದೂ, ಅತ್ಯಂತ ಅಪಾಯಕಾರಿಯೆನಿಸಿದ ಗಣಿ ಉದ್ಯಮದಲ್ಲಿ ಈ ಪ್ರಮಾಣ 0.34 ಎಂದೂ ತಿಳಿಸಿತ್ತು. ಕಲ್ನಾರು ಕೆಲಸದವರಲ್ಲಿ ಪರೀಕ್ಷಿಸಿದ ನೂರಕ್ಕೆ 16 ಮಂದಿಯಲ್ಲಿ ಶ್ವಾಸಕೋಶದ ರೋಗದ ಆರಂಭಿಕ ಚಿಹ್ನೆಗಳು ಕಂಡಿದ್ದವು. ಅಂಕಿಗಳು ಹಳೆಯವು, ಸುಧಾರಣೆಗಳು ಅನಂತರ ಬಂದಿವೆ. ಆದರೆ ಅಂಗಳ ಬಿಟ್ಟುಹೋದ ಕಾರ್ಮಿಕನನ್ನು ಅವನ ಹಳ್ಳಿಯವರೆಗೆ ಅನುಸರಿಸಿ ನೋಡುವ ವ್ಯವಸ್ಥೆಯಿಲ್ಲದೆ ರೋಗ ಕಡಿಮೆಯಾಗಿದೆಯೆಂದು ಹೇಳುವುದು ಹೇಗೆ? ಅಪಘಾತವಾದರೆ ಗಂಭೀರವಾಗಿ ಗಾಯಗೊಂಡವನನ್ನು ಸುಮಾರು 50 ಕಿಲೋಮೀಟರ್ ದೂರದ ಭಾವನಗರಕ್ಕೆ ಒಯ್ಯಬೇಕಾಗಿ ಬಂದುದು ಬಹುಕಾಲದ ದೂರು. ಐರೋಪ್ಯ ಒಕ್ಕೂಟವು ಮಾನ್ಯ ಮಾಡಿದ ಅಂಗಳಗಳ ಪಟ್ಟಿಯಲ್ಲಿ 2024ರ ಕೊನೆಯವರೆಗೂ ಭಾರತದ ಒಂದು ಅಂಗಳವೂ ಸೇರಲಿಲ್ಲವೆಂಬುದನ್ನು ಕೇವಲ ಪರದೇಶದವರ ಅಸೂಯೆಯೆಂದು ತಳ್ಳಿಹಾಕಲಾಗದು. ಹಡಗನ್ನು ಕೆಸರು ದಡಕ್ಕೇರಿಸಿ ಒಡೆಯುವ ಪದ್ಧತಿಯನ್ನು ಒಡಂಬಡಿಕೆಯಾಗಲಿ ನಮ್ಮ ಕಾಯಿದೆಯಾಗಲಿ ನಿಷೇಧಿಸಿಲ್ಲ. ಕೆಸರಿಗೆ ಬಿದ್ದ ತೈಲ, ಬಣ್ಣದ ಚೂರುಗಳನ್ನು ಮುಂದಿನ ಉಬ್ಬರ ಕಡಲಿಗೆ ಒಯ್ಯುತ್ತದೆ.

ಎರಡನೆಯ ದೋಷ: ಕೊನೆಯ ಕೈಗೆ ಮಾತ್ರ ಹೊಣೆ

ದೊಡ್ಡ ಹಡಗಿನ ಮಾಲೀಕರು ಸಾಮಾನ್ಯವಾಗಿ ನೇರವಾಗಿ ಅಂಗಳಕ್ಕೆ ಮಾರುವುದಿಲ್ಲ. ನಡುವೆ ನಗದು ಖರೀದಿದಾರನಿರುತ್ತಾನೆ. ಅವನು ಹಣ ಕೊಟ್ಟು ಹಡಗನ್ನು ತನ್ನ ಹೆಸರಿಗೆ ಮಾಡಿಕೊಂಡು, ಕೊನೆಯ ಪ್ರಯಾಣಕ್ಕಾಗಿ ಯಾವುದಾದರೂ ಸಣ್ಣ ದೇಶದ ಧ್ವಜ ಏರಿಸಿ, ಹೆಸರನ್ನೂ ಬದಲಿಸಿ ದಕ್ಷಿಣ ಏಷ್ಯಾದ ತೀರಕ್ಕೆ ತರುತ್ತಾನೆ. ಹಾಂಗ್‌ಕಾಂಗ್ ಒಡಂಬಡಿಕೆಯ ವ್ಯಾಖ್ಯೆಯಲ್ಲಿ, ಮಾರಾಟದವರೆಗೆ ಅಲ್ಪಕಾಲ ಹಡಗನ್ನು ಹೊಂದಿರುವವನೂ ಮಾಲೀಕನೇ. ಮಧ್ಯವರ್ತಿಯನ್ನು ಕಟ್ಟಿಹಾಕಲು ಇದು ಉಪಯುಕ್ತವೆಂದು ಮೇಲುನೋಟಕ್ಕೆ ತೋರುತ್ತದೆ. ಪರಿಣಾಮ ಮಾತ್ರ ಬೇರೆ: ಇಪ್ಪತ್ತೈದು ವರ್ಷ ಹಡಗನ್ನು ದುಡಿಸಿದ ಮೊದಲಿನ ಮಾಲೀಕನ ಪುಟ ಅಷ್ಟಕ್ಕೇ ಮುಚ್ಚಿಹೋಗುತ್ತದೆ, ಕೆಲವೇ ವಾರಗಳ ಮಾಲೀಕನು ಅವನ ಸ್ಥಾನದಲ್ಲಿ ನಿಲ್ಲುತ್ತಾನೆ.

ಮೊದಲಿನವನಿಗೆ ಏನೂ ಗೊತ್ತಿರಲಿಲ್ಲವೆ? ಇಲ್ಲಿ ವರ್ತಕನಿಗೆ ಸುಲಭವಾಗಿ ಕಾಣುವ ಒಂದು ಸಂಗತಿಯಿದೆ. ಹಡಗಿನ ಬೆಲೆ ಅದರ ಉಕ್ಕಿನ ತೂಕದ ಮೇಲೆ ಟನ್ನಿಗೆ ಇಷ್ಟೆಂದು ನಿಗದಿಯಾಗುತ್ತದೆ. ಸುರಕ್ಷಿತವಾಗಿ, ಖರ್ಚು ಮಾಡಿ ಒಡೆಯುವವನು ಕಡಿಮೆ ದರ ಕೊಡಬಲ್ಲ. ಖರ್ಚು ಉಳಿಸುವವನು ಹೆಚ್ಚು ಕೊಡಬಲ್ಲ. ಆದ್ದರಿಂದ ಹೆಚ್ಚಿನ ದರಕ್ಕೆ ಒಪ್ಪಿ ರುಜು ಹಾಕಿದವನಿಗೆ ಹಡಗು ಎಂಥ ತೀರಕ್ಕೆ ಹೋಗುತ್ತದೆಂಬುದು ಆ ದರದಿಂದಲೇ ಗೊತ್ತಾಗುತ್ತದೆ. ಇದು ಕೇವಲ ನನ್ನ ಊಹೆಯಲ್ಲ. 2018ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ತೈಲವಾಹಕ ಹಡಗನ್ನು ಒಡೆಯುತ್ತಿದ್ದ ಕಾರ್ಮಿಕನೊಬ್ಬ ಎತ್ತರದಿಂದ ಬಿದ್ದು ಸತ್ತನು. ಅವನ ವಿಧವೆ ಅಂಗಳದವರ ಮೇಲಲ್ಲ, ಆ ಹಡಗಿನ ಮಾರಾಟವನ್ನು ನಿರ್ವಹಿಸಿದ ಇಂಗ್ಲೆಂಡಿನ ಕಂಪನಿಯ ಮೇಲೆ ದಾವೆ ಹೂಡಿದಳು. ಮಾರಾಟದ ದರವೇ ಹಡಗಿನ ಗಮ್ಯಸ್ಥಾನವನ್ನು ಹೇಳುತ್ತಿತ್ತೆಂಬುದು ಅವಳ ಪರ ವಾದಗಳಲ್ಲೊಂದು. ಲಂಡನ್ನಿನ ಮೇಲ್ಮನವಿ ನ್ಯಾಯಾಲಯವು 2021ರ ಮಾರ್ಚ್‌ನಲ್ಲಿ ಈ ದಾವೆಯನ್ನು ಆರಂಭದಲ್ಲಿಯೇ ವಜಾ ಮಾಡಲಾಗದು, ವಿಚಾರಣೆಗೆ ಯೋಗ್ಯವಾಗಿದೆ ಎಂದಿತು. ಅದು ಅಂತಿಮ ತೀರ್ಪಲ್ಲ; ಆದರೂ ಮಾರಿದ ಮೇಲೆ ಮುಗಿಯಿತೆಂಬ ಹಳೆಯ ವಾದಕ್ಕೆ ಬಿದ್ದ ದೊಡ್ಡ ಪೆಟ್ಟು. ಅದಕ್ಕೂ ಮೊದಲು, 2018ರಲ್ಲಿ, ಹಡಗುಗಳನ್ನು ಒಡೆಯಲು ದಕ್ಷಿಣ ಏಷ್ಯಾಕ್ಕೆ ಮಾರಿದ ಕಂಪನಿಯೊಂದಕ್ಕೆ ರಾಟರ್ಡಾಮಿನ ನ್ಯಾಯಾಲಯ ದಂಡ ವಿಧಿಸಿತ್ತು.

ನಮ್ಮ ಆಚಾರ್ಯರು ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ಎಣಿಸಿದುದು ಇಂಥ ಸಂದರ್ಭಕ್ಕೆ ಎಷ್ಟು ಸಮರ್ಪಕವಾಗಿದೆಯೆಂದು ನೋಡಿ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದನ್ನು ಒಪ್ಪಿದ್ದು ಮೂರೂ ಲೆಕ್ಕಕ್ಕೆ ಬರುತ್ತವೆ. ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ ಎಂಬುದೊಂದಿದೆ. ಕಳ್ಳನು ತಂದ ಮಾಲನ್ನು ಕೊಳ್ಳುವುದು ಎಂದು ಅದರ ಅರ್ಥ. ಕೊಳ್ಳುವವನು ಕದಿಯಲು ಹೇಳಿರಬೇಕಾಗಿಲ್ಲ. ಅತಿ ಅಗ್ಗದ ದರವೇ ಅವನಿಗೆ ಎಚ್ಚರಿಕೆ. ಈ ದೃಷ್ಟಿಯಿಂದ ನೋಡಿದರೆ ಕಾಯಿದೆಯು ಕೃತವನ್ನು ಮಾತ್ರ ಬರೆದುಕೊಂಡು, ಕಾರಿತ ಅನುಮೋದಿತಗಳ ಪುಟಗಳನ್ನು ಖಾಲಿ ಬಿಟ್ಟಿದೆ.

ಕೃತದ ಪುಟದಲ್ಲಿ ಬರೆದ ಶಿಕ್ಷೆಯಾದರೂ ಭಾರವಾಗಿದೆಯೆ? 2019ರ ಪಾಠದಲ್ಲಿ ಅನುಮತಿಯಿಲ್ಲದೆ ಅಂಗಳ ನಡೆಸಿದವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ 10 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದಿದೆ. ಹಡಗಿನ ಬೆಲೆಯ ಅಂದಾಜಿಗೆ ನೌಕಾಪಡೆಯ ‘ವಿರಾಟ್’ ಹಡಗನ್ನು ನೋಡೋಣ. 2020ರಲ್ಲಿ ಅಲಂಗ್ ತಲುಪಿದ ಅದನ್ನು ಗುಜರಿಗೆ ಹಿಡಿದ ಬೆಲೆ 38.54 ಕೋಟಿ ರೂಪಾಯಿ. ಅಂಥ ಬೆಲೆಯ ಹಡಗಿನ ವ್ಯವಹಾರದಲ್ಲಿ 10 ಲಕ್ಷದ ದಂಡವೆಂದರೆ ನೂರು ರೂಪಾಯಿಗೆ ಸುಮಾರು 26 ಪೈಸೆ. ಇದಕ್ಕಿಂತ ಹೆಚ್ಚಿನ ದಲ್ಲಾಳಿ ಕೊಡುವ ವ್ಯಾಪಾರಗಳು ಎಷ್ಟಿಲ್ಲ! ಸೆರೆಯ ಭಯವಿಲ್ಲದೆ ದಂಡ ಮಾತ್ರ ಉಳಿದರೆ ಅದು ಖರ್ಚಿನ ಬಾಬತ್ತಿನಲ್ಲಿ ಸೇರಿಹೋಗುತ್ತದೆ.

ನಮ್ಮ ತೀರದ ಪಾಠ

ಇದೆಲ್ಲ ಗುಜರಾತಿನ ಮಾತೆನ್ನುವಂತಿಲ್ಲ. ನಮ್ಮ ನಾಡಿನ ಹೆಸರು ಹೊತ್ತ ‘ಮೈಸೂರು’ ಯುದ್ಧನೌಕೆಯೂ 1985ರಲ್ಲಿ ಸೇವೆಯಿಂದ ನಿವೃತ್ತವಾಗಿ ಗುಜರಿಯ ದಾರಿಯನ್ನೇ ಹಿಡಿಯಿತು. 2022ರ ಜೂನ್‌ನಲ್ಲಿ ಚೀನಾದಿಂದ ಲೆಬನಾನಿಗೆ ಸುಮಾರು 8,000 ಟನ್ ಉಕ್ಕಿನ ಸುರುಳಿಗಳನ್ನು ಸಾಗಿಸುತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಳೆಯ ಹಡಗು ಉಳ್ಳಾಲದ ಬಟ್ಟಪಾಡಿಯ ಸಮೀಪ ಮುಳುಗಿತು. ಅದರಲ್ಲಿದ್ದ ಸಿರಿಯಾ ದೇಶದ 15 ನಾವಿಕರನ್ನು ನಮ್ಮ ಕರಾವಳಿ ರಕ್ಷಣಾ ಪಡೆ ಉಳಿಸಿತು. ಆದರೆ ಅದರ ಒಡಲಿನ ತೈಲ ಸೋರಿದರೆ ಗತಿಯೇನೆಂಬ ಚಿಂತೆ ಹೊತ್ತವರು ಆ ಹಡಗಿನ ಲಾಭದಲ್ಲಿ ಕಾಸಿನ ಪಾಲೂ ಇಲ್ಲದ ಉಳ್ಳಾಲದ ಮೀನುಗಾರರು ಮತ್ತು ಜಿಲ್ಲಾಡಳಿತ. ಅದು ಒಡೆಯಲು ತಂದ ಹಡಗಲ್ಲವಾದ್ದರಿಂದ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ತತ್ತ್ವ ಒಂದೇ: ಹಡಗು ತೇಲುವಾಗ ಒಡೆತನ ದೂರದಲ್ಲಿ; ಮುಳುಗುವಾಗ, ಒಡೆಯುವಾಗ ಭಾರ ಹತ್ತಿರದವರ ಮೇಲೆ.

ಒಂದು ಆಕ್ಷೇಪ

ಹೀಗೆಲ್ಲ ಬಿಗಿ ಮಾಡಿದರೆ ಹಡಗುಗಳು ಬೇರೆ ದೇಶಕ್ಕೆ ಹೋಗುತ್ತವೆ, ಬಡವನ ಅನ್ನ ಹೋಗುತ್ತದೆ ಎಂಬ ಆಕ್ಷೇಪವಿದೆ. 1997ರಲ್ಲಿ ಅಮೆರಿಕದ ‘ಬಾಲ್ಟಿಮೋರ್ ಸನ್’ ಪತ್ರಿಕೆ ಹಡಗು ಒಡೆಯುವವರ ದುಸ್ಥಿತಿಯನ್ನು ಬಯಲಿಗೆಳೆದು ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 2000ದಲ್ಲಿ ಅಲಂಗ್ ಕಂಡು ಬರೆದ ಅಮೆರಿಕದ ಲೇಖಕ ವಿಲಿಯಂ ಲ್ಯಾಂಗ್‌ವೀಶ ಮಾತ್ರ, ಶ್ರೀಮಂತ ದೇಶಗಳ ಅಂತಃಕರಣದ ಬೆಲೆಯನ್ನು ಬಡವರೇ ತೆರಬೇಕಾದೀತೆಂದು ಎಚ್ಚರಿಸಿದ. ಈ ಮಾತನ್ನು ಲಘುವಾಗಿ ಕಾಣಬಾರದು. ಬಿಹಾರದ ಹಳ್ಳಿಯಿಂದ ಬಂದವನಿಗೆ ಅಲಂಗ್‌ನ ಕೂಲಿ ಊರಿನ ಉಪವಾಸಕ್ಕಿಂತ ಮೇಲೆಂಬುದು ಸತ್ಯ. ಆದರೆ ಅವನು ಬೇಡುತ್ತಿರುವುದು ಕೆಲಸವನ್ನು, ಮರಣವನ್ನಲ್ಲ. ಅವನ ಬಡತನವನ್ನೇ ಮುಂದಿಟ್ಟುಕೊಂಡು ಅವನ ಶಿರಸ್ತ್ರಾಣದ ಖರ್ಚನ್ನು ಉಳಿಸುವ ವಾದ ಕರುಣೆಯ ವೇಷದಲ್ಲಿರುವ ಲೋಭ. ಇದಲ್ಲದೆ ಚೀನಾ 2018ರ ಕೊನೆಗೆ ವಿದೇಶಿ ಹಡಗುಗಳನ್ನು ಒಡೆಯಲು ತರಿಸಿಕೊಳ್ಳುವುದನ್ನು ನಿಲ್ಲಿಸಿದೆ. ಬಾಂಗ್ಲಾದೇಶವೂ ಇದೇ ಒಡಂಬಡಿಕೆಗೆ 2023ರಲ್ಲಿ ಸೇರಿದೆ. ಓಡಿಹೋಗಲು ಹಡಗುಗಳಿಗೆ ಉಳಿದಿರುವ ತೀರಗಳು ಮೊದಲಿನಷ್ಟಿಲ್ಲ. ನೆರೆಹೊರೆಯ ದೇಶಗಳು ಒಂದೇ ದನಿಯಲ್ಲಿ ಶುದ್ಧಿಯ ಖರ್ಚನ್ನು ಮೊದಲಿನ ಮಾಲೀಕನ ಮೇಲೆ ಹಾಕಿದರೆ ಅವನು ತೆರಲೇಬೇಕಾಗುತ್ತದೆ.

ನಮ್ಮ ಪಾಲು

ಕಾಯಿದೆಯನ್ನು ತಿದ್ದುವುದು ಸಂಸತ್ತಿನ ಕೆಲಸ. ಶುದ್ಧಿಯ ಹೊಣೆ ಮಾಲೀಕನಿಗೆ ಮರಳಬೇಕು, ದಂಡವು ಹಡಗಿನ ಬೆಲೆಯ ಪ್ರಮಾಣದಲ್ಲಿರಬೇಕು, ಕಾರ್ಮಿಕನ ಆರೋಗ್ಯದ ದಾಖಲೆ ಅವನ ಊರಿಗೂ ಹೋಗಬೇಕು ಎಂಬ ಮೂರು ತಿದ್ದುಪಡಿಗಳನ್ನು ಕೋರುವುದು ನಾಗರಿಕರಾದ ನಮ್ಮ ಹಕ್ಕು. ಆದರೆ ಸಂಸತ್ತನ್ನು ಕಾಯದೆ ಮಾಡಬಹುದಾದುದೂ ಇದೆ. ಕಬ್ಬಿಣದ ವ್ಯಾಪಾರದಲ್ಲಿ ನಮ್ಮ ಸಮಾಜದವರು ಅನೇಕರಿದ್ದಾರೆ. ಕಟ್ಟಡ ಕಟ್ಟಿಸುವ ಟ್ರಸ್ಟುಗಳೂ ಇವೆ. ಟೆಂಡರ್ ತೆರೆದಾಗ ಎಲ್ಲರಿಗಿಂತ ಕಡಿಮೆ ದರದ ಚೀಟಿಯನ್ನು ಎತ್ತಿಕೊಳ್ಳುವ ಮೊದಲು ಅದು ಏಕೆ ಕಡಿಮೆಯೆಂದು ಒಂದು ಪ್ರಶ್ನೆ ಕೇಳುವುದು ಕಷ್ಟವಲ್ಲ. ಕಂಬಿಯ ಜೊತೆಗೆ ಮಿಲ್ಲಿನ ಪರೀಕ್ಷಾಪತ್ರವನ್ನೂ ಸರಿಯಾದ ಬಿಲ್ಲನ್ನೂ ಕೇಳಬೇಕು. ಬಿಲ್ಲಿಲ್ಲದ ಮಾಲನ್ನು ಬಸದಿಯ ಜೀರ್ಣೋದ್ಧಾರಕ್ಕಂತೂ ತರಬಾರದು. ನಮ್ಮದೇ ಕಟ್ಟಡದ ಸಾರುವೆ ಹತ್ತುವ ಕೂಲಿಯವನಿಗೆ ವಿಮೆಯಿದೆಯೆ, ತಲೆಗೆ ಶಿರಸ್ತ್ರಾಣವಿದೆಯೆ ಎಂಬುದನ್ನು ಗುತ್ತಿಗೆಯ ಕರಾರಿನಲ್ಲಿ ಬರೆಸಬೇಕು. ಅಲಂಗ್‌ನವರನ್ನು ಪ್ರಶ್ನಿಸುವ ನೈತಿಕ ಅಧಿಕಾರ ಅಲ್ಲಿಂದ ಆರಂಭವಾಗುತ್ತದೆ.

ಗೃಹಸ್ಥನಿಗೆ ಉದ್ಯೋಗದ ಹಿಂಸೆ ಪೂರ್ಣವಾಗಿ ತಪ್ಪದೆಂದು ಶಾಸ್ತ್ರಕಾರರೂ ಒಪ್ಪಿದ್ದಾರೆ. ಅವರು ಒಪ್ಪದಿರುವುದು ಪ್ರಮಾದವನ್ನು, ಅಂದರೆ ತಿಳಿಯಬಹುದಾದುದನ್ನು ತಿಳಿಯದೆ ಇರುವ ಅಜಾಗ್ರತೆಯನ್ನು. ಹಡಗಿನ ಪುನರ್ಬಳಕೆಯ ಈ ಕಾಯಿದೆಯು ಒಳ್ಳೆಯ ಉದ್ದೇಶದಿಂದ ಬಂದಿದ್ದರೂ, ತಿಳಿದೂ ತಿಳಿಯದವರಂತಿರುವ ದೊಡ್ಡವರಿಗೆ ಅದು ಆಶ್ರಯವನ್ನು ಉಳಿಸಿಕೊಟ್ಟಿದೆ. ಆ ಆಶ್ರಯವನ್ನು ತೆಗೆಯುವವರೆಗೆ ಕಾಯಿದೆ ಅಪೂರ್ಣವೆಂಬುದು ನನ್ನ ವಿನಮ್ರ ಅಭಿಪ್ರಾಯ. ಟ್ರಸ್ಟುಗಳ ಪದಾಧಿಕಾರಿಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ.